ಕಲ್ಲಿದ್ದಲಿನ ‘ಚಾರ್’ ಮತ್ತು ಅದರ ‘ರಿಯಾಕ್ಟಿವಿಟಿ’: ಯಾವ ಪದ ಸರಿ?

ಗೆಳೆಯರೇ,

ಕಲ್ಲಿದ್ದಲು ಹೇಗೆ ಉರಿಯುತ್ತದೆ ಎಂಬುದರ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಮೊದಲು ‘ಚಾರ್’. ಗಾಳಿ ತಾಗದಂತೆ ಕಲ್ಲಿದ್ದಲನ್ನು ಕಾಸಿದರೆ ಒಳಗಿನ ಅನಿಲ, ಟಾರು ಹೊರಟುಹೋಗುತ್ತವೆ. ಇಂಗಾಲವೇ ಜಾಸ್ತಿ ಇರುವ, ತೂತುತೂತಾದ ಕಪ್ಪು ಭಾಗ ಉಳಿಯುತ್ತದೆ. ಅದೇ ಚಾರ್. ‘ಇದ್ದಿಲು’ ಅಂದರೆ ಎಲ್ಲರಿಗೂ ಕಟ್ಟಿಗೆಯ ಇದ್ದಿಲೇ ನೆನಪಾಗುತ್ತದೆ ಅಲ್ವಾ? ‘ಕೋಕ್’ ಎನ್ನುವಂತಿಲ್ಲ. ಕಾದಾಗ ಮೆತ್ತಗಾಗಿ, ಅಂಟಿಕೊಂಡು ಗಟ್ಟಿಯಾಗುವ ಕಲ್ಲಿದ್ದಲಿನಿಂದ ಮಾತ್ರ ಕೋಕ್ ಸಿಗುತ್ತದೆ. ನನಗೆ ‘ಕರಕಲು’ ಹಿಡಿಸಿದೆ. ಆದರೆ ಕರಕಲು ಅಂದರೆ ಕೆಲಸಕ್ಕೆ ಬಾರದ್ದು ಎಂಬ ಭಾವವೂ ಬರುತ್ತದೆ. ಇಲ್ಲಿ ಹಾಗಲ್ಲ. ಅನಿಲ ಬೇಗ ಉರಿದುಹೋಗುತ್ತದೆ, ಹೆಚ್ಚು ಹೊತ್ತು ಉರಿಯುವುದು ಕರಕಲೇ.

ನಿಜವಾದ ತೊಡಕು ‘ರಿಯಾಕ್ಟಿವಿಟಿ’ಯದು. ‘ದಹನಶೀಲತೆ’ ಎಂದರೆ ಉರಿಯುತ್ತದೋ ಇಲ್ಲವೋ ಎಂಬಷ್ಟೇ ಅರ್ಥ. ನನಗೆ ಬೇಕಾದದ್ದು, ಇಂತಿಷ್ಟು ಬಿಸಿಯಲ್ಲಿ ಕರಕಲು ಆಮ್ಲಜನಕದ ಜೊತೆ ಎಷ್ಟು ಬೇಗ ಸೇರಿ ಸವೆಯುತ್ತದೆ ಎಂಬುದು. ಒಂದೇ ಕಲ್ಲಿದ್ದಲಿನ ಎರಡು ಕರಕಲು ತೆಗೆದುಕೊಳ್ಳಿ. ಒಂದನ್ನು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇನ್ನೊಂದನ್ನು 1400 ಡಿಗ್ರಿಯಲ್ಲಿ ಅಷ್ಟೇ ಹೊತ್ತು ಕಾಸಿರಿ. ಆಮೇಲೆ ಎರಡನ್ನೂ ಸುಮಾರು 500 ಡಿಗ್ರಿಯ ಗಾಳಿಯಲ್ಲಿ ಸೂಕ್ಷ್ಮ ತಕ್ಕಡಿಗೆ ಹಾಕಿ ತೂಕ ನೋಡುತ್ತಾ ಹೋಗಿ. ಸಾಮಾನ್ಯವಾಗಿ ಜಾಸ್ತಿ ಕಾದದ್ದೇ ನಿಧಾನವಾಗಿ ಸವೆಯುತ್ತದೆ. ಆಮ್ಲಜನಕ ಮುಖ್ಯವಾಗಿ ಇಂಗಾಲದ ಪದರಗಳ ಅಂಚನ್ನು, ಜೋಡಣೆ ತಪ್ಪಿದ ಜಾಗವನ್ನು ಹಿಡಿದು ತಿನ್ನುತ್ತದೆ. ಬಿಸಿ ಏರಿದಂತೆ ಉಳಿದ ಹೈಡ್ರೋಜನ್ ಹೊರಹೋಗುತ್ತದೆ, ಪದರಗಳು ದೊಡ್ಡದಾಗಿ ಒಂದರ ಮೇಲೊಂದು ಸಾಲಾಗಿ ಕೂರುತ್ತವೆ, ಅಂಚು ಕಡಿಮೆಯಾಗುತ್ತದೆ. ಸಣ್ಣ ತೂತುಗಳು ಮುಚ್ಚುತ್ತವೆ. ಉರಿಗೆ ನೆರವಾಗುವ ಕ್ಯಾಲ್ಸಿಯಂ ಚದುರಿಕೊಂಡಿದ್ದದ್ದು ಗಂಟುಗಟ್ಟುತ್ತದೆ. ಲಿಗ್ನೈಟ್‌ನಂಥ ಎಳೆಯ ಕಲ್ಲಿದ್ದಲಿನಲ್ಲಿ ಇದು ಎದ್ದು ಕಾಣುತ್ತದೆ. ಬಾಯ್ಲರಿನ ಹಾರುಬೂದಿಯಲ್ಲಿ (ಹೊಗೆಯ ಜೊತೆ ಹಾರಿಬರುವ ನುಣ್ಣನೆಯ ಬೂದಿ) ಉರಿಯದ ಇಂಗಾಲ ಉಳಿಯಲು ಕರಕಲು ಹೀಗೆ ನಿಧಾನವಾಗುವುದೂ ಒಂದು ಕಾರಣ.

‘ರಿಯಾಕ್ಟಿವಿಟಿ’ಗೆ ‘ಉರಿಚುರುಕು’ ಎನ್ನಬಹುದೇ? ಕಾಸಿದಾಗ ಉರಿಚುರುಕು ತಗ್ಗುತ್ತದೆ ಎಂದರೆ ಓದುಗರಿಗೆ ಸಲೀಸಾಗಿ ತಿಳಿಯುತ್ತದೆ.

ಈ ‘ಕಾಸುವುದು’ ಇದೆಯಲ್ಲ, ಅದಕ್ಕೆ ‘ಶಾಖೋಪಚಾರ’ ಎಂಬ ಪದ ಬಳಕೆಯಲ್ಲಿದೆ. ಉಕ್ಕಿಗೆ ಅದು ಒಪ್ಪುತ್ತದೆ, ಅಲ್ಲಿ ಬೇಕಾದ ಗುಣ ಬರಲೆಂದೇ ಕಾಸುತ್ತಾರೆ. ಕರಕಲಿಗೆ ಯಾರೂ ಉಪಚಾರ ಮಾಡುತ್ತಿಲ್ಲ, ಉರಿಯೊಳಗೆ ಅದು ತಾನಾಗಿ ಕಾದು ಮಂಕಾಗುತ್ತದೆ. ‘ಗ್ರಾಫೈಟ್ ಆಗುವುದು’ ಎಂದೂ ಬರೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ (ಗ್ರಾಫೈಟ್ ಅಂದರೆ ಪದರಗಳು ಅಚ್ಚುಕಟ್ಟಾಗಿ ಜೋಡಿಸಿಕೊಂಡಿರುವ ಇಂಗಾಲ). ಎಷ್ಟು ಕಾಸಿದರೂ ಕೆಲವು ಇಂಗಾಲಗಳು ಗ್ರಾಫೈಟ್ ಆಗುವುದಿಲ್ಲ ಎಂದು ವಿಜ್ಞಾನಿ ರೋಸಲಿಂಡ್ ಫ್ರಾಂಕ್ಲಿನ್ 1951ರಲ್ಲೇ ತೋರಿಸಿದ್ದರು. ಸದ್ಯಕ್ಕೆ ‘ಕಾವಿನಿಂದ ಮಂಕಾಗುವಿಕೆ’ ಎಂದು ಬರೆದಿಟ್ಟಿದ್ದೇನೆ.

‘ಉರಿಚುರುಕು’ ನೋಡಿದವರು ಬೇಗ ಹೊತ್ತಿಕೊಳ್ಳುವುದು ಎಂದು ತಿಳಿದುಬಿಟ್ಟರೆ ಎಂಬ ಅನುಮಾನ ಮಾತ್ರ ಉಳಿದಿದೆ. ಹೊತ್ತಿಕೊಳ್ಳುವುದು ಬೇರೆ, ಉರಿದು ಸವೆಯುವುದು ಬೇರೆ. ‘ಸವೆಚುರುಕು’ ಎಂದರೆ ವಾಸಿಯೇ? ಇದಕ್ಕಿಂತ ಒಳ್ಳೆಯ ಪದ ಹೊಳೆದರೆ ದಯವಿಟ್ಟು ತಿಳಿಸಿ.