ಎಲ್ಲಾ ಡಿವ್‌ನಲ್ಲೇ ಆಗುತ್ತಲ್ಲ, ಹೆಡರ್, ಮೇನ್ ಯಾಕೆ ಬೇಕು?

ಪ್ರಶ್ನೆ: ಮೇಡಂ, ನಮ್ಮ ಓದುಗರ ಬಳಗಕ್ಕೆ ಕನ್ನಡ ಕಥೆಗಳ ವೆಬ್‌ಸೈಟ್ ಮಾಡ್ತಿದ್ದೀನಿ. ಸೈಟಿನ ಹೆಸರು, ಮೆನು, ಕಥೆ, ಪಕ್ಕದ 'ಇತ್ತೀಚಿನವು', ಕೊನೇಲಿ ವಿಳಾಸ, ಎಲ್ಲವೂ ಡಿವ್ (ಏನನ್ನು ಬೇಕಾದರೂ ಸುತ್ತಿಡೋ, ತನ್ನದೇ ಅರ್ಥ ಇಲ್ಲದ ಎಚ್‌ಟಿಎಂಎಲ್ ಟ್ಯಾಗ್). ಒಂದೊಂದಕ್ಕೂ ಕ್ಲಾಸ್ ಅಂತ ಹೆಸರು ಕೊಟ್ಟು, ಬಣ್ಣ, ಅಳತೆಗೆಲ್ಲ ಸಿಎಸ್‌ಎಸ್ ಬರೆದಿದ್ದೀನಿ, ಮೊಬೈಲಲ್ಲೂ ಚೆನ್ನಾಗೇ ಕಾಣುತ್ತೆ. ಇದನ್ನೆಲ್ಲ ಹೆಡರ್, ನ್ಯಾವ್, ಮೇನ್ ಅಂತ ಬದಲಾಯಿಸಿದ್ರೂ ನೋಡೋಕೆ ಒಂಚೂರೂ ವ್ಯತ್ಯಾಸ ಆಗಲ್ಲ. ಮತ್ಯಾಕೆ ಈ ಕೆಲಸ?

ಉತ್ತರ: ನೋಡೋಕೆ ಆಗಲ್ಲ, ನಿಜ. ಕೇಳಿ ಓದುವವರಿಗೆ ಆಗುತ್ತೆ. ಕಣ್ಣು ಕಾಣದವರು ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುವಾಗ ಡಿ ಕೀ ಒತ್ತಿ ಪುಟದ ಒಂದು ಭಾಗದಿಂದ ಇನ್ನೊಂದಕ್ಕೆ ಹಾರುತ್ತಾರೆ, ಎಚ್ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ. ನಿಮ್ಮ ಪುಟದಲ್ಲಿ ಡಿ ಒತ್ತಿದರೆ ಹೋಗೋಕೆ ಜಾಗವೇ ಇಲ್ಲ. ಕ್ಲಾಸ್‌ಗೆ 'ಮೆನು' ಅಂತ ಹೆಸರಿಟ್ಟಿದ್ದು ನಿಮಗೆ ಅರ್ಥವಾಗುತ್ತೆ, ಬ್ರೌಸರ್‌ಗೆ ಆಗಲ್ಲ.

ಸೈಟಿನ ಹೆಸರು ಹೆಡರ್‌ಗೆ, ಮೆನು ನ್ಯಾವ್‌ಗೆ, ಕಥೆ ಮೇನ್ ಒಳಗಿನ ಆರ್ಟಿಕಲ್‌ಗೆ, 'ಇತ್ತೀಚಿನವು' ಅಸೈಡ್‌ಗೆ, ವಿಳಾಸ ಫುಟರ್‌ಗೆ. ಮೇನ್ ಪುಟಕ್ಕೆ ಒಂದೇ ಇರಲಿ. ಕಥೆಯ ಹೆಸರು ಎಚ್1 (ಮೊದಲ ಹಂತದ ಶೀರ್ಷಿಕೆ), ಒಳಗಿನ ಭಾಗಗಳ ಹೆಸರು ಎಚ್2. ಅಕ್ಷರ ಚಿಕ್ಕದು ಬೇಕು ಅಂತ ಎಚ್4ಗೆ ಜಿಗಿಯಬೇಡಿ, ಅಳತೆ ಸಿಎಸ್‌ಎಸ್‌ಗೆ ಬಿಟ್ಟ ವಿಷಯ.

ನೀವು ಕೇಳದಿದ್ದರೂ ಇನ್ನೊಂದು ಹೇಳ್ತೀನಿ. ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಪುಟದ ಭಾಷೆ ಹೇಳುವ ಲ್ಯಾಂಗ್ ಏನಿದೆ ನೋಡಿ. ಟೆಂಪ್ಲೇಟ್‌ನಿಂದ ಬಂದ 'ಇಎನ್' ಎಷ್ಟೋ ಸಲ ಹಾಗೇ ಉಳಿದಿರುತ್ತೆ. ಅದನ್ನು 'ಕೆಎನ್' ಮಾಡಿ. ಇಲ್ಲದಿದ್ದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲೇ ಕನ್ನಡ ಓದೋಕೆ ಹೊರಡಬಹುದು. ಆಮೇಲೆ ಬರೆದವರಿಗೂ ತಮ್ಮ ಕಥೆ ಗುರುತು ಸಿಗಲ್ಲ!

ಮರುಪ್ರಶ್ನೆ: ಹಾಗಾದ್ರೆ ಉಳಿದ ಡಿವ್‌ಗಳನ್ನೆಲ್ಲ ಸೆಕ್ಷನ್ ಮಾಡಿಬಿಡ್ಲಾ ಮೇಡಂ? 'ಮುಂದೆ ಓದಿ' ಕೂಡ ಡಿವ್‌ಗೆ ಆನ್‌ಕ್ಲಿಕ್ (ಕ್ಲಿಕ್ ಮಾಡಿದಾಗ ನಡೆಯೋ ಕೋಡ್) ಕೊಟ್ಟು ಮಾಡಿದ್ದೀನಿ.

ಉತ್ತರ: ಬೇಡ. ಬಣ್ಣಕ್ಕೋ, ಸಾಲಾಗಿ ಜೋಡಿಸೋ ಫ್ಲೆಕ್ಸ್‌ಗೋ ಸುತ್ತಿದ ಡಿವ್ ಡಿವ್ ಆಗೇ ಇರಲಿ. ಸೆಕ್ಷನ್‌ಗೆ ಆರಿಯಾ-ಲೇಬಲ್‌ನಲ್ಲೋ (ಸ್ಕ್ರೀನ್ ರೀಡರ್ ಓದೋಕೆ ಅಂತ ಬರೆಯೋ ಹೆಸರು) ಶೀರ್ಷಿಕೆಗೆ ಜೋಡಿಸಿಯೋ ಹೆಸರು ಕೊಡದಿದ್ದರೆ ಡಿ ಒತ್ತಿದಾಗ ಅದು ಸಿಗೋದೂ ಇಲ್ಲ. ಸೆಕ್ಷನ್ ಒಳಗಿಟ್ಟ ಎಚ್1 ತಾನಾಗೇ ಎಚ್2 ಆಗುತ್ತೆ ಅಂತ ಹಳೇ ಟ್ಯುಟೋರಿಯಲ್‌ಗಳಲ್ಲಿ ಸಿಗುತ್ತೆ, ನಂಬಬೇಡಿ. ಬ್ರೌಸರ್‌ಗಳು ಅದನ್ನು ಸರಿಯಾಗಿ ಜಾರಿಗೇ ತರಲಿಲ್ಲ, 2022ರಲ್ಲಿ ಎಚ್‌ಟಿಎಂಎಲ್ ಮಾನದಂಡದಿಂದಲೂ ಆ ನಿಯಮ ಹೋಯಿತು.

'ಮುಂದೆ ಓದಿ' ಮಾತ್ರ ಎಲ್ಲಕ್ಕಿಂತ ಮೊದಲು ಸರಿಮಾಡಿ. ಮಿಕ್ಕಿದ್ದೆಲ್ಲ ತೊಂದರೆ ಅಷ್ಟೇ, ಇದು ಬಾಗಿಲಿಗೆ ಬೀಗ ಹಾಕಿದ ಹಾಗೆ. ಬರೀ ಡಿವ್ ಆದರೆ ಟ್ಯಾಬ್ ಕೀ ಅದರ ಮೇಲೆ ನಿಲ್ಲೋದೇ ಇಲ್ಲ, ಇನ್ನು ಎಂಟರ್ ಒತ್ತೋದೆಲ್ಲಿ? ಬೇರೆ ಪುಟಕ್ಕೆ ಹೋಗೋದಾದರೆ ಎಚ್‌ರೆಫ್ (ಆ ಪುಟದ ವಿಳಾಸ) ಇರುವ ಲಿಂಕ್, ಅಲ್ಲೇ ಕಥೆ ತೆರೆದುಕೊಳ್ಳೋದಾದರೆ ಬಟನ್. ಇದು ಬಟನ್ ಅಂತ ಹೇಳೋ ರೋಲ್, ಟ್ಯಾಬ್ ಕೀ ನಿಲ್ಲೋ ಹಾಗೆ ಮಾಡೋ ಟ್ಯಾಬ್‌ಇಂಡೆಕ್ಸ್, ಕೀಬೋರ್ಡ್ ಕೋಡ್ ಎಲ್ಲ ಡಿವ್‌ಗೇ ಅಂಟಿಸಬಹುದು. ಬಟನ್‌ನಲ್ಲಿ ಬಿಟ್ಟಿ ಸಿಗೋದನ್ನ ಯಾಕೆ ಕೈಯಾರೆ ಬರೀತೀರಿ?

ಬದಲಾಯಿಸಿದ ಮೇಲೆ ಮೌಸ್ ಮುಟ್ಟದೆ ಬರೀ ಟ್ಯಾಬ್, ಎಂಟರ್‌ನಲ್ಲಿ ಮೂರನೇ ಕಥೆ ತೆರೆಯೋಕೆ ನೋಡಿ. ಎಲ್ಲಿ ಸಿಕ್ಕಿಕೊಳ್ತೀರೋ ಆ ಭಾಗದ ಕೋಡ್ ಇಲ್ಲಿ ಹಾಕಿ.