ಸಿಂಹದ ಹಾಡಿಗೆ ಹತ್ತು ಶಿಲಿಂಗ್

ಗುಂಪು: ಹೈಸ್ಕೂಲ್ ಗೆಳೆಯರು 1986

ವಸಂತಿ: (ವಿಡಿಯೋ) ಮೊಮ್ಮಗಳು ಶಾಲೆ ವಾರ್ಷಿಕೋತ್ಸವದಲ್ಲಿ ಹಾಡಿದ್ದು. ಸಿಂಹದ ಮುಖವಾಡ ನಾನೇ ಹೊಲಿದೆ. ಒಂದು ತಿಂಗಳಿಂದ ಮನೆಯಲ್ಲಿ ಬರೀ "ವಿಮೊವೆ ವಿಮೊವೆ".

ಶ್ರೀಧರ: ಸೂಪರ್! ಲಯನ್ ಕಿಂಗ್ ಸಿನಿಮಾದ ಹಾಡು ಅಲ್ವಾ? ಡಿಸ್ನಿಯವರು ಎಷ್ಟು ಚೆನ್ನಾಗಿ ಮಾಡಿದ್ದಾರೆ.

ರಘು: ಮಗು ಒಂದು ಕಡೆಯೂ ಶ್ರುತಿ ಬಿಟ್ಟಿಲ್ಲ ವಸಂತಿ. ಆದರೆ ಶ್ರೀಧರ, ಇದು ಡಿಸ್ನಿಯವರ ಹಾಡಲ್ಲ. ದಕ್ಷಿಣ ಆಫ್ರಿಕಾದ ಸಾಲೊಮನ್ ಲಿಂಡಾ ಅನ್ನುವ ಜುಲು ಗಾಯಕನದ್ದು. 1939ರಲ್ಲಿ ಜೊಹಾನ್ಸ್‌ಬರ್ಗಿನ ಗ್ಯಾಲೊ ಕಂಪನಿಯ ಸ್ಟುಡಿಯೋದಲ್ಲಿ ಹಾಡಿದ್ದು. ಹೆಸರು "ಎಂಬುಬೆ". ಅಂದರೆ ಸಿಂಹ.

ಶ್ರೀಧರ: ಓ, ಗೊತ್ತಿರಲಿಲ್ಲ. ಆದರೆ ಜಗತ್ತಿಗೆ ಮುಟ್ಟಿಸಿದ್ದು ದೊಡ್ಡ ಕಂಪನಿಗಳೇ ತಾನೇ?

ರಘು: ಮುಟ್ಟಿಸಿದರು, ಸರಿ. ಅವನಿಗೆ ಎಷ್ಟು ಮುಟ್ಟಿತು ಗೊತ್ತಾ? ಹಾಡಿನ ಹಕ್ಕಿಗೆ ಹತ್ತು ಶಿಲಿಂಗ್. ಅವತ್ತಿನ ಲೆಕ್ಕದಲ್ಲಿ ಒಂದೆರಡು ಡಾಲರ್ ಅಷ್ಟೇ. ಅವನು ಅದೇ ಕಂಪನಿಯಲ್ಲಿ ರೆಕಾರ್ಡ್ ಪ್ಯಾಕ್ ಮಾಡುವ ಕೆಲಸದಲ್ಲಿದ್ದ. ಆ ರೆಕಾರ್ಡ್ ಆಫ್ರಿಕಾದಲ್ಲೇ ಸುಮಾರು ಒಂದು ಲಕ್ಷ ಮಾರಾಟವಾಯಿತು. ತನ್ನ ಧ್ವನಿ ಇರುವ ತಟ್ಟೆಗಳು ಕಣ್ಣೆದುರೇ ಪೆಟ್ಟಿಗೆ ಸೇರಿ ಹೋಗುವ ಜಾಗದಲ್ಲಿ ಅವನು ಸಂಬಳಕ್ಕೆ ದುಡಿಯುತ್ತಿದ್ದ.

ರಘು: ಆಮೇಲೆ ರೆಕಾರ್ಡ್ ಅಮೆರಿಕದಲ್ಲಿ ಪೀಟ್ ಸೀಗರ್ ಅನ್ನುವ ಜಾನಪದ ಗಾಯಕನ ಕೈಗೆ ಸಿಕ್ಕಿತು. ಲಿಂಡಾ ಹಾಡಿದ್ದು "ಉಯಿಂಬುಬೆ". ಸೀಗರ್ ಕಿವಿಗೆ ಅದು "ವಿಮೊವೆ" ಅಂತ ಕೇಳಿಸಿತು. ಮೊಮ್ಮಗಳು ಹಾಡುತ್ತಿರುವುದು ಅದನ್ನೇ. 1961ರಲ್ಲಿ ಇಂಗ್ಲಿಷ್ ಸಾಹಿತ್ಯ ಸೇರಿಸಿ ಟೋಕನ್ಸ್ ತಂಡ ಹಾಡಿತು. ಅಮೆರಿಕದಲ್ಲಿ ಮೊದಲ ಸ್ಥಾನ. ಮರುವರ್ಷ ಲಿಂಡಾ ತೀರಿಕೊಂಡ. ಬ್ಯಾಂಕಿನಲ್ಲಿ ಇದ್ದದ್ದು 25 ಡಾಲರ್‌ಗಿಂತ ಕಡಿಮೆ. ಸಮಾಧಿಗೆ ಕಲ್ಲು ಹಾಕಿಸಲು ಹೆಂಡತಿ ಹತ್ತಿರ ದುಡ್ಡಿರಲಿಲ್ಲ.

ವಸಂತಿ: ಅಯ್ಯೋ 😢

ಶ್ರೀಧರ: ಬೇಜಾರಿನ ವಿಷಯ, ಒಪ್ಪುತ್ತೇನೆ. ಆದರೆ ವ್ಯಾಪಾರದವನಾಗಿ ಒಂದು ಮಾತು. ಸ್ಟುಡಿಯೋ, ರೆಕಾರ್ಡ್ ಒತ್ತುವುದು, ಅಂಗಡಿಗೆ ತಲುಪಿಸುವುದು, ಎಲ್ಲ ಖರ್ಚೂ ಕಂಪನಿಯದು. ಹತ್ತರಲ್ಲಿ ಒಂದೋ ಎರಡೋ ಓಡುತ್ತವೆ. ಉಳಿದದ್ದರ ನಷ್ಟ ಗಾಯಕ ತುಂಬಿಕೊಡುತ್ತಾನಾ? ಓಡಿದ ಮೇಲೆ ಮಾತ್ರ ಪಾಲು ಬೇಕು ಅಂದರೆ ಹೇಗೆ?

ಮಂಜುನಾಥ: ಶ್ರೀಧರ ಹೇಳಿದ್ದರಲ್ಲೂ ಅರ್ಥ ಇದೆ. ಈಗಿನವರಿಗೆ ಅಡ್ವಾನ್ಸ್ ಕೂಡ ಕೊಡುತ್ತಾರಲ್ಲ.

ರಘು: ಆ ಅಡ್ವಾನ್ಸ್ ಲೆಕ್ಕ ಹೇಳುತ್ತೇನೆ ಕೇಳು ಮಂಜು. ಹತ್ತು ಲಕ್ಷ ಅಡ್ವಾನ್ಸ್, ಗಾಯಕನ ಪಾಲು ನೂರಕ್ಕೆ ಹದಿನೈದು ಅಂತ ಇಟ್ಟುಕೋ. ಹಾಡಿನಿಂದ ನಲವತ್ತು ಲಕ್ಷ ಬಂತು. ಗಾಯಕನ ಪಾಲು ಆರು ಲಕ್ಷ. ಅದು ಅವನ ಕೈಗೆ ಬರುವುದಿಲ್ಲ, ಅಡ್ವಾನ್ಸಿಗೆ ಜಮಾ. ಪುಸ್ತಕದಲ್ಲಿ ಅವನ ಮೇಲೆ ಇನ್ನೂ ನಾಲ್ಕು ಲಕ್ಷ ಬಾಕಿ. ಕಂಪನಿಗೆ ತಾನು ಕೊಟ್ಟ ಹತ್ತು ಕಳೆದು ಆಗಲೇ ಮೂವತ್ತು ಲಕ್ಷ ಬಂದಿದೆ. ಎಷ್ಟೋ ಕಡೆ ವಿಡಿಯೋ ಖರ್ಚು, ಸ್ಟುಡಿಯೋ ಬಾಡಿಗೆಯನ್ನೂ ಅವನ ಲೆಕ್ಕಕ್ಕೇ ಬರೆಯುತ್ತಾರೆ. ಎಲ್ಲ ತೀರಿದ ಮೇಲೂ ಮಾಸ್ಟರ್, ಅಂದರೆ ಮೂಲ ರೆಕಾರ್ಡಿಂಗ್, ಕಂಪನಿಯದ್ದೇ. ಖರ್ಚು ಅವನದು, ಒಡೆತನ ಅವರದು.

ಶ್ರೀಧರ: ಸಹಿ ಹಾಕಿದ್ದು ಅವನೇ ಅಲ್ವಾ? ಓದಿ ಹಾಕಬೇಕಿತ್ತು.

ರಘು: ಶ್ರೀಧರ, ಬೇಜಾರು ಮಾಡಿಕೊಳ್ಳಬೇಡ. ನಿಮ್ಮ ಗದ್ದೆ ನಿಮ್ಮ ಹೆಸರಿಗೆ ಹೇಗೆ ಬಂತು? ಅಜ್ಜ 1974ರ ಭೂಸುಧಾರಣೆ ಕಾನೂನು ಬಂದ ಮೇಲೆ ಡಿಕ್ಲರೇಶನ್ ಕೊಟ್ಟರು ಅಂತ ನೀನೇ ಹೇಳಿದ್ದೆ. ಅದಕ್ಕೂ ಮೊದಲು ವರ್ಷ ವರ್ಷ ಗೇಣಿಚೀಟಿಗೆ ಹೆಬ್ಬೆಟ್ಟು ಒತ್ತಿದವರು ಅವರೇ ತಾನೇ? "ನೀನೇ ಒತ್ತಿದ್ದೀಯ, ಈಗ ಗದ್ದೆ ಯಾಕೆ ಕೇಳುತ್ತೀಯ" ಅಂತ ಯಾರಾದರೂ ಕೇಳಿದ್ದರೆ?

(ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ)

ಮಂಜುನಾಥ: ರಘು, ಇಷ್ಟು ಬಿಸಿಯಾಗಿ ಮಾತಾಡಿದ್ದು ನಾನು ನೋಡಿರಲಿಲ್ಲ.

ರಘು: ನನ್ನದೂ ಒಂದು ಇದೆ ಕಣೋ. 1994. ದಾಸರ ಪದಗಳ ಕ್ಯಾಸೆಟ್‌ಗೆ ಕೊಳಲು ನುಡಿಸಿದೆ. ಪಲ್ಲವಿಗೆ ಮುಂಚೆ ಬರುವ ತುಣುಕು ಯಾರೂ ಬರೆದುಕೊಟ್ಟದ್ದಲ್ಲ. "ಏನಾದರೂ ಹಾಕು" ಅಂದರು, ಅಲ್ಲೇ ಕೂತು ಮೋಹನ ರಾಗದಲ್ಲಿ ಕಟ್ಟಿದೆ. ರಾತ್ರಿ ಹನ್ನೊಂದಕ್ಕೆ ಕವರಿನಲ್ಲಿ ಆರುನೂರು ರೂಪಾಯಿ. ವೋಚರಿನ ರೆವಿನ್ಯೂ ಸ್ಟ್ಯಾಂಪ್ ಮೇಲೆ ಸಹಿ. ಕ್ಯಾಸೆಟ್ ಕವರಿನಲ್ಲಿ ನನ್ನ ಹೆಸರೇ ಇರಲಿಲ್ಲ. ಈಗಲೂ ನಮ್ಮ ಬೀದಿಯ ದೇವಸ್ಥಾನದಲ್ಲಿ ಬೆಳಿಗ್ಗೆ ಐದೂವರೆಗೆ ಅದೇ ಕೊಳಲು. ಯೂಟ್ಯೂಬಿನಲ್ಲೂ ಇದೆ, ಜಾಹೀರಾತಿನ ಸಮೇತ. ನಾನು ಹಾಲು ತರಲು ಹೋಗುವಾಗ ಕೇಳಿಸುತ್ತದೆ. ಕಂಪನಿ ಹೆಸರು ಇಲ್ಲಿ ಬೇಡ.

ವಸಂತಿ: ಇಷ್ಟು ವರ್ಷ ಒಂದು ಮಾತೂ ಹೇಳಲಿಲ್ಲವಲ್ಲ ರಘು.

ಶ್ರೀಧರ: ನಮ್ಮ ದೇಶದಲ್ಲಿ ಇದಕ್ಕೆ ಕಾನೂನೇ ಇಲ್ವಾ?

ರಘು: ಇದೆ, ಬಂದದ್ದು ತಡವಾಗಿ. ಸಿನಿಮಾಕ್ಕೆ ದುಡ್ಡು ಕೊಟ್ಟು ಮಾಡಿಸಿದ ಹಾಡಿನ ಒಡೆಯ ನಿರ್ಮಾಪಕನೇ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2012ರಲ್ಲಿ ಕಾಪಿರೈಟ್ ಕಾನೂನು ತಿದ್ದಿದರು. ಹಿಂದಿ ಸಿನಿಮಾ ಹಾಡು ಬರೆಯುವ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ಮಾತಾಡಿದರು. ಈಗ ಸಾಹಿತ್ಯ ಬರೆದವರು, ಸಂಗೀತ ಮಾಡಿದವರು ಚಿತ್ರಮಂದಿರದ ಹೊರಗಿನ ಬಳಕೆಯ ರಾಯಲ್ಟಿಯಲ್ಲಿ ಸಮಪಾಲು ಬಿಟ್ಟುಕೊಡುವ ಹಾಗೇ ಇಲ್ಲ. ಬಿಟ್ಟುಕೊಟ್ಟೆ ಅಂತ ಬರೆದರೂ ನಡೆಯುವುದಿಲ್ಲ. ಸಿನಿಮಾ ಅಲ್ಲದ ಹಾಡಿಗೂ ಹೀಗೇ. ಆದರೆ ಕೇಳಿ ತೆಗೆದುಕೊಳ್ಳಬೇಕು, ರಾಯಲ್ಟಿ ವಸೂಲಿ ಮಾಡಿಕೊಡುವ ಐಪಿಆರ್‌ಎಸ್ ಥರದ ಸಂಸ್ಥೆಯಲ್ಲಿ ಸದಸ್ಯರಾಗಬೇಕು. ಊರಲ್ಲಿ ಕೂತು ಭಾವಗೀತೆ ಬರೆಯುವ ಹುಡುಗನಿಗೆ ಇದನ್ನು ಯಾರು ಹೇಳಬೇಕು?

ಮಂಜುನಾಥ: ಲಿಂಡಾ ಮಕ್ಕಳಿಗೆ ಕೊನೆಗೆ ಏನಾದರೂ ಸಿಕ್ಕಿತಾ?

ರಘು: ಸಿಕ್ಕಿತು. ಬ್ರಿಟಿಷರ 1911ರ ಕಾನೂನಿನಲ್ಲಿ ಒಂದು ಮಾತಿತ್ತು. ಬರೆದವನು ಸತ್ತು 25 ವರ್ಷ ಆದರೆ ಹಕ್ಕು ವಾರಸುದಾರರಿಗೆ ವಾಪಸ್. ಅದನ್ನು ಹಿಡಿದು 2004ರಲ್ಲಿ, ಲಯನ್ ಕಿಂಗ್‌ನಲ್ಲಿ ಹಾಡು ಬಳಸಿದ ಡಿಸ್ನಿ ಮೇಲೆ ಕೇಸ್ ಹಾಕಿದರು. 2006ರಲ್ಲಿ ರಾಜಿ ಆಯಿತು. ಹಾಡು ಹಾಡಿ 67 ವರ್ಷ ಆಗಿತ್ತು.

ಶ್ರೀಧರ: ರಘು, ಅಜ್ಜನ ಮಾತು ಎತ್ತಿದ್ದು ಮೊದಲು ಚುಚ್ಚಿತು. ಆದರೆ ಸರಿಯಾಗೇ ಕೇಳಿದೆ. ಒಂದು ವಿಷಯ. ಅಣ್ಣನ ಮಗ ಹಾಡು ಬರೆದು ರಾಗ ಹಾಕುತ್ತಾನೆ. ಒಂದು ಕಂಪನಿ ಎಂಟು ಪುಟದ ಕಾಗದ ಕಳಿಸಿದೆ. ಭಾನುವಾರದೊಳಗೆ ಸಹಿ ಬೇಕಂತೆ. ಒಳ್ಳೆ ಅವಕಾಶ, ಹಾಕಿಬಿಡು ಅಂತ ನಾನೇ ಹೇಳಿದ್ದೆ.

ರಘು: ಹಾಕಿಸಬೇಡ. ಮೊದಲು ಮೂರು ಕಡೆ ನೋಡು. ಎಷ್ಟು ವರ್ಷಕ್ಕೆ ಅಂತ ಬರೆದಿದೆ? ಬರೆಯದಿದ್ದರೆ ಕಾನೂನಿನ ಪ್ರಕಾರ ಐದೇ ವರ್ಷ. ಯಾವ ದೇಶಕ್ಕೆ? ಬರೆಯದಿದ್ದರೆ ಭಾರತ ಮಾತ್ರ. ಯಾವ ಯಾವ ಮಾಧ್ಯಮ? ಇನ್ನೂ ಹುಟ್ಟದ ಮಾಧ್ಯಮವನ್ನು ಹೆಸರು ಹಿಡಿದು ಹೇಳದೆ ಬರೆಸಿಕೊಳ್ಳುವ ಹಾಗಿಲ್ಲ. ನಾನು ಲಾಯರ್ ಅಲ್ಲ, ಆಮೇಲೆ ಒಬ್ಬರಿಗೆ ತೋರಿಸೋಣ.

ಶ್ರೀಧರ: (ಫೋಟೋ) ಆರನೇ ಪುಟ. "ಶಾಶ್ವತವಾಗಿ, ವಿಶ್ವದಾದ್ಯಂತ" ಅಂತಿದೆ.

ರಘು: ಫೋನ್ ಮಾಡು. ಅವನನ್ನೂ ಲೈನಿಗೆ ತೆಗೆದುಕೋ.

ವಸಂತಿ: ರಘು, ಆ ಗಾಯಕನ ಹೆಸರು ಕನ್ನಡದಲ್ಲಿ ಇನ್ನೊಂದು ಸಲ ಬಿಡಿಸಿ ಬರಿ. ಮೊಮ್ಮಗಳ ಟೀಚರ್‌ಗೆ ಕಳಿಸುತ್ತೇನೆ. ಅವರ ಕಾರ್ಯಕ್ರಮ ಪಟ್ಟಿಯಲ್ಲಿ ಬರೀ ಲಯನ್ ಕಿಂಗ್ ಅಂತ ಇತ್ತು.

ರಘು: ಸಾಲೊಮನ್ ಲಿಂಡಾ.