ಕಾಲೇಜು ಮುಚ್ಚಿರುವಾಗ ಟೈಟ್ರೇಷನ್ ಮನೆಯಲ್ಲೇ ಮಾಡಿಸುವುದು ಹೇಗೆ?

ಉಪನ್ಯಾಸಕಿ, ಸಿಂಧನೂರು
ದಿಢೀರ್ ರಜೆ, ಯಾವಾಗ ತೆರೆಯುತ್ತೋ ಗೊತ್ತಿಲ್ಲ. ಪ್ರಥಮ ಪಿಯು ಪಾಠ ವಾಟ್ಸಾಪ್‌ನಲ್ಲಿ ಹೇಗೋ ಸಾಗುತ್ತೆ, ಟೈಟ್ರೇಷನ್, ಅಂದ್ರೆ ಆಮ್ಲವನ್ನು ಹನಿ ಹನಿ ಬಿಟ್ಟು ಕ್ಷಾರ ಎಷ್ಟಿದೆ ಅಂತ ಅಳೆಯೋದು, ಅದು ಮಾತ್ರ ಕೈಯಾರೆ ಮಾಡದೆ ಬರೋದಲ್ಲ. ಅಡುಗೆ ಸೋಡಾ, ವಿನೆಗರ್, ಅರಿಶಿನದಲ್ಲಿ ಮಾಡಿಸಿದರೆ ಬಣ್ಣ ತಿರುಗೋ ಅಂತ್ಯಬಿಂದುವೇ ಸಿಗ್ತಿಲ್ಲ.

ಗಂಗಾವತಿ
ಸೋಡಾ ಬಿಡಿಸ್ರಿ ಮೇಡಂ. ಅದರ ದ್ರಾವಣದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 8.3. ಅರಿಶಿನ ಬಣ್ಣ ಬದಲಿಸೋದೇ 7.4ರಿಂದ 8.6ರ ನಡುವೆ. ಹಾಗಾಗಿ ಶುರುವಿನಲ್ಲೇ ಅರೆಬರೆ ಬಣ್ಣ, ಮುಂದೆ ಸೋಡಾದ ಬೈಕಾರ್ಬನೇಟ್ ಬಫರ್ ಆಗಿ ಕೂತು, ಅಂದ್ರೆ ಪಿಎಚ್ ಬೇಗ ಬದಲಾಗದಂತೆ ತಡೆದು, ಬಣ್ಣದ ತಿರುವನ್ನೇ ಮಸುಕು ಮಾಡುತ್ತೆ.

ಎಲೆ ಅಡಿಕೆ ಸುಣ್ಣ ತರಿಸ್ರಿ. ಒಂದು ಲೀಟರ್ ನೀರಿಗೆ ಎರಡು ಚಮಚ ಹಾಕಿ ಕಲಕಿ, ಬಾಟಲಿ ಕಂಠಮಟ್ಟ ತುಂಬಿಸಿ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಗಾಳಿ ತಾಗಿದರೆ ಮೇಲೆ ಕಾರ್ಬನೇಟ್ ಕೆನೆ ಕಟ್ಟುತ್ತೆ. ತಿಳಿನೀರು 20 ಮಿಲಿ, ಸ್ಪಿರಿಟ್‌ನಲ್ಲಿ ನೆನೆಸಿದ ಅರಿಶಿನದ ತಿಳಿ ಐದು ಹನಿ: ಆರತಿ ನೀರಿನ ಕೆಂಪು ಬರುತ್ತೆ. 4% ವಿನೆಗರ್ 10 ಮಿಲಿಗೆ 90 ಮಿಲಿ ನೀರು ಸೇರಿಸಿ, ಸೂಜಿ ತೆಗೆದ 5 ಮಿಲಿ ಸಿರಿಂಜ್‌ನಿಂದ ಹನಿ ಹನಿ ಬಿಟ್ಟರೆ 12 ಮಿಲಿ ಹತ್ತಿರ ಹಳದಿಗೆ ತಿರುಗುತ್ತೆ. ಸ್ಪಿರಿಟ್ ಒಲೆಯಿಂದ ದೂರವಿರಲಿ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಕನ್ನಡಕ ಇಲ್ಲದೆ ಬೇಡ. ವಿನೆಗರ್ ಸಿಗಲಿಲ್ಲ ಅಂತ ಟಾಯ್ಲೆಟ್ ಆಸಿಡ್ ಮುಟ್ಟಬಾರದು, ಇದನ್ನು ಬರೆದೇ ಕಳಿಸ್ರಿ.

ಸಿರುಗುಪ್ಪ
ನೀರು ಯಾವುದು ಅಂತ ಯಾರೂ ಕೇಳಲಿಲ್ಲ! ಬೋರ್ ನೀರಿನ ಬೈಕಾರ್ಬನೇಟ್ ಸುಣ್ಣವನ್ನೇ ತಿಂದು ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ತಳಕ್ಕಿಳಿಸುತ್ತೆ. ವಿನೆಗರ್‌ಗೆ ಸೇರಿಸಿದರೆ ಆಮ್ಲವೂ ಒಂದಿಷ್ಟು ಖರ್ಚು. ಎರಡಕ್ಕೂ ಆರ್‌ಓ ಕ್ಯಾನ್ ನೀರೇ ಆಗಬೇಕು. ಇನ್ನೊಂದು, ಸುಣ್ಣ ಬಿಸಿಲಿಗೆ ಕಡಿಮೆ ಕರಗುತ್ತೆ. ನಮ್ಮ ಕಡೆಯ ಏಪ್ರಿಲ್‌ನಲ್ಲಿ ಉತ್ತರ 12ಕ್ಕಿಂತ ಕೆಳಗೆ ಬಂದರೆ ಮಕ್ಕಳದ್ದು ತಪ್ಪಲ್ಲ.

ಉಪನ್ಯಾಸಕಿ, ಸಿಂಧನೂರು
ಫೋಟೋದಲ್ಲಿ ಬಣ್ಣ ಒಬ್ಬೊಬ್ಬರದ್ದು ಒಂದೊಂದು ಥರ ಬರುತ್ತಲ್ಲ, ಅಳೆಯೋದು ಹೇಗೆ?

ಗಂಗಾವತಿ
ಟ್ಯೂಬ್‌ಲೈಟ್ ಕೆಳಗೊಂದು, ಬಿಸಿಲಲ್ಲೊಂದು ತೆಗೆದರೆ ಹಾಗೇ. ಬಿಳಿ ಹಾಳೆ ಮೇಲೆ ಮೂರು ಲೋಟ ಸಾಲಾಗಿರಲಿ: ಶುದ್ಧ ಕೆಂಪು, ಶುದ್ಧ ಹಳದಿ, ನಡುವೆ ಅಂತ್ಯಬಿಂದುವಿನದ್ದು. ಮೂರೂ ಒಂದೇ ಫೋಟೋದಲ್ಲಿ. ಅಂಕ ಬಣ್ಣಕ್ಕಲ್ಲ, ಮೂರು ಸಲ ಮಾಡಿದ ಅಳತೆ 0.5 ಮಿಲಿ ಒಳಗೆ ಹೊಂದಿದ್ದಕ್ಕೆ ಕೊಡಿ. ವಿಡಿಯೋ ಕೇಳಬೇಡಿ. ಮನೆಯ ಒಂದೇ ಫೋನು ಹತ್ತಿ ಹೊಲದಿಂದ ಬರೋದು ಸಂಜೆಗೆ, ಡೇಟಾನೂ ಅಷ್ಟರಲ್ಲೇ ಮುಗಿದಿರುತ್ತೆ. ಫೋಟೋ ಒಂದು, ಅಳತೆಗಳ ವಾಯ್ಸ್ ಮೆಸೇಜ್ ಒಂದು, ಗಡುವು ರಾತ್ರಿ ಒಂಬತ್ತು.